ಅಂಕಿತದ ಹಿಂದಿನ ಹೆಸರು

ಸಾಮಾಜಿಕ ಜಾಲತಾಣಗಳಲ್ಲಿ ಜನರು ಬರೆಯುವ ಪೋಸ್ಟುಗಳನ್ನು ಲಕ್ಷಗಟ್ಟಲೆ ಒಂದೆಡೆ ಕೂಡಿಹಾಕಿ, ಅವುಗಳಿಂದ ಭಾಷೆಯ ಬಳಕೆಯನ್ನೋ ಜನಾಭಿಪ್ರಾಯದ ಏರಿಳಿತವನ್ನೋ ಸುದ್ದಿ ಹರಡುವ ಬಗೆಯನ್ನೋ ಅಭ್ಯಾಸ ಮಾಡುವುದು ಕಳೆದ ಎರಡು ದಶಕಗಳಲ್ಲಿ ಬೆಳೆದುಬಂದ ವಿದ್ಯೆ. ಹೀಗೆ ಕೂಡಿಸಿ, ಸಾಲು ಮತ್ತು ಕಾಲಂಗಳಲ್ಲಿ ಅಣಿಗೊಳಿಸಿದ ಸಂಗ್ರಹವನ್ನು ದತ್ತಸಂಚಯ ಎನ್ನುತ್ತಾರೆ. ಪೋಸ್ಟಿನ ಮಾತು ಎಷ್ಟೇ ಸ್ಪಷ್ಟವಾಗಿದ್ದರೂ ಅದನ್ನು ಆಡಿದವರು ಯಾರು, ಎಲ್ಲಿಯವರು, ಎಷ್ಟು ಕಾಲದಿಂದ ಬರೆಯುತ್ತಿರುವವರು, ಅವರ ಮಾತು ಎಷ್ಟು ಮಂದಿಗೆ ಮುಟ್ಟುತ್ತದೆ ಎಂಬುದು ತಿಳಿಯದೆ ಅದರ ತೂಕ ಗೊತ್ತಾಗುವುದಿಲ್ಲವಾದ್ದರಿಂದ, ಪ್ರತಿ ಪೋಸ್ಟಿನ ಪಕ್ಕಕ್ಕೆ ಬರೆದವರ ವಿವರವನ್ನು ತಂದು ಕೂಡಿಸುವುದು ಈ ವಿದ್ಯೆಯ ಮೊದಲ ಕೆಲಸಗಳಲ್ಲಿ ಒಂದಾಯಿತು. ಬರಹ ಒಂದು ಕೋಷ್ಟಕದಲ್ಲಿರುತ್ತದೆ, ಬರೆದವರು ಇನ್ನೊಂದರಲ್ಲಿರುತ್ತಾರೆ, ಎರಡನ್ನೂ ಬೆಸೆಯುವುದು ಖಾತೆಗೆ ಕಂಪನಿ ಕೊಟ್ಟ ಒಂದು ಸಂಖ್ಯೆ, ಅಂದರೆ ಐಡಿ. ಉಪಕರಣ ಹೊಸದಾದರೂ ಅದರ ಹಿಂದಿನ ಪ್ರಶ್ನೆ ಹಳೆಯದು. ಬಿಡಿಬಿಡಿಯಾಗಿ, ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿಬಂದ ಚಿಕ್ಕ ಬರಹಗಳನ್ನು ಅವುಗಳ ಕರ್ತೃವಿನೊಂದಿಗೆ ಹೊಂದಿಸುವ ಕೆಲಸವನ್ನು ಕನ್ನಡದ ಸಂಕಲನಕಾರರು ಮತ್ತು ವಿದ್ವಾಂಸರು ಐದಾರು ಶತಮಾನಗಳಿಂದ ಮಾಡುತ್ತ ಬಂದಿದ್ದಾರೆ. ಆ ಕೆಲಸದಲ್ಲಿ ಅವರು ಪಟ್ಟ ಪಾಡು ಇಂದಿನ ದತ್ತಸಂಚಯಗಳನ್ನು ಅರಿಯುವುದಕ್ಕೂ ದಾರಿ ತೋರಿಸುತ್ತದೆ.

ಹನ್ನೆರಡನೆಯ ಶತಮಾನದ ವಚನಗಳಲ್ಲಿ ಕರ್ತೃವಿನ ಗುರುತು ಇರುವುದು ಅಂಕಿತದಲ್ಲಿ. ಅಂಕಿತವೆಂದರೆ ವಚನದ ಕೊನೆಯಲ್ಲಿ ಬರುವ ಮುದ್ರಿಕೆ; ಬಹುಪಾಲು ಅದು ವಚನಕಾರರ ಇಷ್ಟದೈವದ ಹೆಸರಾಗಿರುತ್ತದೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುವಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಸಿದ್ಧರಾಮರಿಗೆ ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತಗಳು ಕನ್ನಡಿಗರ ನಾಲಿಗೆಯ ಮೇಲೆಯೇ ಇವೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬರೆದವರ ಹೆಸರು ವಚನದೊಳಗೆ ಇರುವುದೇ ಅಪರೂಪ. ಅಂಬಿಗರ ಚೌಡಯ್ಯನವರಂತೆ ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡವರು ಕೆಲವರೇ; ಉಳಿದವರ ವಿಷಯದಲ್ಲಿ, ಇಂಥ ಅಂಕಿತ ಇಂಥವರದು ಎಂಬ ತಿಳಿವಳಿಕೆ ವಚನದ ಹೊರಗೆ, ಪರಂಪರೆಯ ನೆನಪಿನಲ್ಲಿ, ಪುರಾಣಗಳಲ್ಲಿ, ಓಲೆಗರಿಗಳ ತಲೆಬರಹಗಳಲ್ಲಿ ಉಳಿದುಬಂದಿದೆ. ಐಡಿ ಒಂದು ಕಡೆ, ಹೆಸರು ಇನ್ನೊಂದು ಕಡೆ ಎಂಬ ಇಂದಿನ ಏರ್ಪಾಡಿಗೆ ಇದು ತುಂಬ ಹತ್ತಿರದ್ದು.

ಅಂಕಿತ ಕೆಲವೊಮ್ಮೆ ಕೇವಲ ಗುರುತಾಗಿ ನಿಲ್ಲದೆ ಸಂಬಂಧವನ್ನೂ ಹೇಳುತ್ತದೆ. ಆಯ್ದಕ್ಕಿ ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಅವರ ಮಡದಿ ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನ ಹೆಸರು ಹೆಂಡತಿಯ ಮುದ್ರಿಕೆಯೊಳಗೆ ಸೇರಿಕೊಂಡದ್ದರಿಂದ ಇಬ್ಬರ ನಂಟು ವಚನದಿಂದಲೇ ತಿಳಿಯುತ್ತದೆ. ಮುಕ್ತಾಯಕ್ಕನವರು ತಮ್ಮ ಅಣ್ಣನಾದ ಅಜಗಣ್ಣನ ಹೆಸರನ್ನೇ ಅಂಕಿತವಾಗಿಸಿಕೊಂಡರು. ಈ ಹಿನ್ನೆಲೆ ಗೊತ್ತಿಲ್ಲದ ಓದುಗ ಆ ವಚನಗಳನ್ನು ಅಜಗಣ್ಣನವೇ ಎಂದುಕೊಳ್ಳುವುದು ಸಹಜ. ಇನ್ನು ಬಸವಣ್ಣನವರ ಅಂಕಿತಕ್ಕೂ ಅವರ ಸೋದರಳಿಯ ಚನ್ನಬಸವಣ್ಣನವರ ಅಂಕಿತಕ್ಕೂ ಇರುವ ವ್ಯತ್ಯಾಸ ಒಂದೇ ಪದ: ಮಾವನದು ಕೂಡಲಸಂಗಮದೇವ, ಅಳಿಯನದು ಕೂಡಲಚೆನ್ನಸಂಗಮದೇವ. ಓಲೆಯನ್ನು ನಕಲು ಮಾಡುವ ಲಿಪಿಕಾರನ ಕೈತಪ್ಪಿ "ಚೆನ್ನ" ಎಂಬ ಎರಡಕ್ಷರ ಬಿಟ್ಟುಹೋದರೆ ಅಳಿಯನ ವಚನ ಮಾವನ ಲೆಕ್ಕಕ್ಕೆ ಸೇರುತ್ತದೆ. ಕರ್ತೃತ್ವದಂಥ ದೊಡ್ಡ ಸಂಗತಿ ಇಷ್ಟು ಸಣ್ಣ ಎಳೆಯ ಮೇಲೆ ನಿಂತಿದೆ ಎಂಬ ಎಚ್ಚರ ವಚನ ಸಂಪಾದಕರಿಗೆ ಸದಾ ಬೇಕಾಗಿತ್ತು.

ವಚನಗಳನ್ನು ಕೂಡಿಸುವ ದೊಡ್ಡ ಪ್ರಯತ್ನ ಹದಿನೈದನೆಯ ಶತಮಾನದಲ್ಲಿ ನಡೆಯಿತು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿ, ಮುಂದೆ ಗೂಳೂರು ಸಿದ್ಧವೀರಣ್ಣೊಡೆಯರ ತನಕ ಮೂವರು ಪರಿಷ್ಕರಿಸುತ್ತ ಬಂದ ಶೂನ್ಯಸಂಪಾದನೆಯಲ್ಲಿ ಬಿಡಿ ವಚನಗಳು ಶರಣರ ಸಂವಾದದ ರೂಪ ಪಡೆದವು. ಯಾರು ಯಾರಿಗೆ, ಯಾವ ಸಂದರ್ಭದಲ್ಲಿ ಈ ಮಾತನ್ನು ಹೇಳಿದರು ಎಂಬ ವಿವರವನ್ನು ಸಂಕಲನಕಾರರು ಮೂರು ಶತಮಾನಗಳ ನಂತರ ಕೂಡಿಸಿದರು. ಅದು ವಚನಗಳಿಗೆ ಅಪೂರ್ವವಾದ ಜೀವ ತುಂಬಿತಾದರೂ, ಆ ಸಂದರ್ಭಗಳು ವಚನಗಳಷ್ಟೇ ಹಳೆಯವು ಎಂದು ತಿಳಿದರೆ ಚರಿತ್ರೆ ತಪ್ಪುತ್ತದೆ. ಆಧುನಿಕ ಕಾಲದಲ್ಲಿ ಈ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡವರು ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು. ಮನೆಮಠಗಳ ಜಂತಿಯಲ್ಲೂ ಪೂಜೆಯ ಗಂಟುಗಳಲ್ಲೂ ಇದ್ದ ಓಲೆಗರಿಗಳನ್ನು ಹುಡುಕಿ ತೆಗೆದು ಅವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಮುದ್ರಣಕ್ಕಾಗಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು, ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ಆ ಪರಿಶ್ರಮದ ಬುನಾದಿಯ ಮೇಲೆ 1993ರಲ್ಲಿ ಕರ್ನಾಟಕ ಸರ್ಕಾರ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಹೊರತಂದಾಗ, ಅಂಕಿತ ಮಾತ್ರ ತಿಳಿದು ಹೆಸರು ತಿಳಿಯದ ವಚನಕಾರರನ್ನೂ ಸಂಪಾದಕರು ಒಳಗೊಂಡರು. ಹೆಸರು ಗೊತ್ತಿಲ್ಲವೆಂದು ವಚನವನ್ನು ಕೈಬಿಡಲಿಲ್ಲ, ಗೊತ್ತಿಲ್ಲದ ಹೆಸರನ್ನು ಊಹಿಸಿ ತುಂಬಲೂ ಇಲ್ಲ. ಈ ಸಂಯಮ ಸಾಮಾನ್ಯವಾದುದಲ್ಲ.

ಕಾವ್ಯಗಳ ವಿಷಯದಲ್ಲಿ ಇದೇ ಕೆಲಸವನ್ನು ವ್ಯವಸ್ಥಿತವಾಗಿ ಮಾಡಿದ್ದು ಕರ್ನಾಟಕ ಕವಿಚರಿತೆ. ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು ಸಿದ್ಧಪಡಿಸಿದ ಈ ಗ್ರಂಥದ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಹೊರಬಂದವು. ಸಾವಿರಕ್ಕೂ ಹೆಚ್ಚು ಕವಿಗಳ ಕಾಲ, ದೇಶ, ಮತ, ಆಶ್ರಯ, ಕೃತಿಗಳ ವಿವರ ಅದರಲ್ಲಿ ಸೇರಿತು. ಪ್ರತಿ ಕವಿಯ ಬಗ್ಗೆ ಹೇಳುವಾಗ ಆ ಮಾಹಿತಿ ಎಲ್ಲಿಂದ ಬಂತು, ಕವಿಯ ಮಾತಿನಿಂದಲೋ ಶಾಸನದಿಂದಲೋ ಮುಂದಿನ ಕವಿಗಳು ಮಾಡಿದ ಸ್ಮರಣೆಯಿಂದಲೋ ಎಂಬುದನ್ನು ತೋರಿಸುವುದು ಆ ಕ್ರಮದ ಜೀವಾಳ. ಕನ್ನಡ ಸಾಹಿತ್ಯಚರಿತ್ರೆಯ ಪುಸ್ತಕಗಳಲ್ಲಿ ಇಸವಿಯ ಮುಂಚೆ ಬರುವ "ಸು." ಎಂಬ ಒಂದಕ್ಷರದ ಸಂಕೇತ, ಅಂದರೆ ಸುಮಾರು, ಈ ಶಿಸ್ತಿನ ಕುರುಹು. ಆ ಅಕ್ಷರ ಓದುಗನಿಗೆ ಹೇಳುವುದು ಇಷ್ಟೇ: ಈ ಸಂಖ್ಯೆ ಕಂಡದ್ದಲ್ಲ, ಲೆಕ್ಕ ಹಾಕಿದ್ದು.

ಬರಹದ ಹೊರಗಿನ ಆಧಾರವೊಂದು ಬರೆದವರ ಚಿತ್ರವನ್ನು ಹೇಗೆ ತುಂಬಿಕೊಡುತ್ತದೆ ಎಂಬುದಕ್ಕೆ ಪಂಪನ ವಿಷಯವೇ ಒಳ್ಳೆಯ ನಿದರ್ಶನ. ಆದಿಕವಿ ತನ್ನ ಕಾವ್ಯಗಳಲ್ಲಿ ತನ್ನ ವಂಶದ ವಿಷಯವನ್ನು ಹೇಳಿಕೊಂಡಿದ್ದರೂ, ಈಗಿನ ತೆಲಂಗಾಣದ ಕರೀಂನಗರದ ಬಳಿ ಕುರಿಕ್ಯಾಲದ ಬೊಮ್ಮಲಗುಟ್ಟ ಎಂಬ ಬೆಟ್ಟದ ಬಂಡೆಯ ಮೇಲೆ ಅವನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಬೆಳಕಿಗೆ ಬಂದ ಮೇಲೆ ಆ ವಿಷಯಕ್ಕೆ ಬೇರೆಯೇ ಬಲ ಬಂತು. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿರುವ ಆ ಶಾಸನದಿಂದ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಎಂಬ ಹೆಸರುಗಳು ದೊರೆತವು. ಕವಿಗೆ ಧರ್ಮಪುರವೆಂಬ ಅಗ್ರಹಾರ ದತ್ತಿಯಾಗಿ ಬಂದುದು ಕಾವ್ಯದ ಹೊರಗೂ ಸಾಕ್ಷಿ ಪಡೆಯಿತು. ಕಾವ್ಯವೆಂಬ ಕೋಷ್ಟಕದಲ್ಲಿದ್ದ ಹೆಸರನ್ನು ಶಾಸನವೆಂಬ ಕೋಷ್ಟಕದಲ್ಲಿದ್ದ ಅದೇ ಹೆಸರಿನೊಂದಿಗೆ ಹೊಂದಿಸಿ, ಎರಡೂ ಒಬ್ಬನವೇ ಎಂದು ಸಾಧಿಸಿದ ಮೇಲೆ ದೊರೆತ ಜ್ಞಾನವಿದು.

ಹೆಸರು ಹೊಂದಿದ ಮಾತ್ರಕ್ಕೆ ವ್ಯಕ್ತಿ ಹೊಂದಬೇಕೆಂದಿಲ್ಲ. ಛಂದೋಂಬುಧಿಯನ್ನು ಬರೆದ ನಾಗವರ್ಮನೂ ಕಾವ್ಯಾವಲೋಕನವನ್ನು ಬರೆದ ನಾಗವರ್ಮನೂ ಬೇರೆಬೇರೆ ಕಾಲದವರೆಂದು ಬಿಡಿಸಿ ತೋರಿಸಿ, ಮೊದಲನೆಯ, ಎರಡನೆಯ ಎಂಬ ಸಂಖ್ಯೆಗಳನ್ನು ಹೆಸರಿಗೆ ಅಂಟಿಸಬೇಕಾಯಿತು. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಎಂಬವರು ಒಬ್ಬರೋ ಇಬ್ಬರೋ ಎಂಬುದರ ಮೇಲೆ ವಿದ್ವಾಂಸರು ದೀರ್ಘವಾದ ಚರ್ಚೆ ನಡೆಸಿದರು; ರಾಮನಾಥ ಎಂಬ ಅಂಕಿತ ಸ್ಪಷ್ಟವಾಗಿದ್ದರೂ ಅದರ ಹಿಂದೆ ಯಾವ ಬದುಕನ್ನು ನಿಲ್ಲಿಸಬೇಕೆಂಬುದು ತೀರ್ಮಾನವಾಗುವುದು ಸುಲಭವಾಗಿರಲಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಕಥೆ ಇನ್ನೂ ಸೂಕ್ಷ್ಮವಾದದ್ದು. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಸಂಪಾದಿಸಿ ಪ್ರಕಟಿಸಿದಾಗ ರಾಷ್ಟ್ರಕೂಟ ದೊರೆ ನೃಪತುಂಗನ ಕೃತಿಯೆಂದೇ ಅದು ಹೆಸರಾಯಿತು. ಆದರೆ ಗ್ರಂಥದೊಳಗಿನ ಮಾತು ಅದನ್ನು ನೃಪತುಂಗನ ಅನುಮತಿ ಪಡೆದ ಕೃತಿಯೆಂದು ಹೇಳುತ್ತದೆಯೇ ಹೊರತು ಅವನೇ ಬರೆದದ್ದೆಂದು ಹೇಳುವುದಿಲ್ಲವೆಂದು ವಾದಿಸಿದವರು ಅವನ ಆಸ್ಥಾನದ ಕವಿ ಶ್ರೀವಿಜಯನೇ ಕರ್ತೃವೆಂದು ಎತ್ತಿಹಿಡಿದರು. ಮಾತು ಒಬ್ಬರದು, ಮುದ್ರೆ ಇನ್ನೊಬ್ಬರದು ಆಗಿರಬಹುದಾದ ಈ ಸಂದರ್ಭ, ಒಬ್ಬ ಗಣ್ಯರ ಹೆಸರಿನ ಖಾತೆಯನ್ನು ಅವರ ಕಚೇರಿಯ ಸಿಬ್ಬಂದಿ ನಡೆಸುವ ಇಂದಿನ ಕಾಲಕ್ಕೆ ಅಪರಿಚಿತವಾದುದಲ್ಲ. ಶಾಸನಗಳಂತೂ ಈ ಪಾತ್ರಗಳನ್ನು ಬೇರ್ಪಡಿಸಿಯೇ ಹೇಳುತ್ತಿದ್ದವು: ಪಾಠ ರಚಿಸಿದವರು, ಕಲ್ಲಿನ ಮೇಲೆ ಅಕ್ಷರ ಬರೆದವರು, ಕಂಡರಿಸಿದವರು, ದತ್ತಿ ಕೊಟ್ಟವರು ಎಲ್ಲರಿಗೂ ತಮ್ಮತಮ್ಮ ಸಾಲು ಇರುತ್ತಿತ್ತು.

ಬರೆದವರ ಗುರುತನ್ನು ತಿದ್ದುವುದು ಎಷ್ಟು ಗಂಭೀರ ಸಂಗತಿ ಎಂಬುದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ನಾಡಿಗೇ ಮನವರಿಕೆಯಾಯಿತು. ಬಸವಣ್ಣನವರ ವಚನಗಳ ಸಂಕಲನವೊಂದರಲ್ಲಿ ಕೂಡಲಸಂಗಮದೇವ ಎಂಬ ಅಂಕಿತದ ಬದಲಿಗೆ ಲಿಂಗದೇವ ಎಂದು ಅಚ್ಚಾದಾಗ ದೊಡ್ಡ ವಿವಾದವೆದ್ದು, ಕರ್ನಾಟಕ ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಆ ಕ್ರಮವನ್ನು ಸುಪ್ರೀಂ ಕೋರ್ಟು 2017ರಲ್ಲಿ ಎತ್ತಿಹಿಡಿಯಿತು. ವಚನದ ಉಳಿದ ಪಾಠ ಹಾಗೆಯೇ ಇದ್ದರೂ ಕೊನೆಯ ಒಂದು ಪದ ಬದಲಾದುದಕ್ಕೆ ಜನ ಅಷ್ಟು ನೊಂದರೆಂದರೆ, ಅಂಕಿತವನ್ನು ಅವರು ಬರಹದ ಅಲಂಕಾರವೆಂದು ಎಣಿಸದೆ ಬರೆದವರ ಇರವೆಂದೇ ಎಣಿಸಿದ್ದರು.

ಯಂತ್ರಗಳ ಕಾಲಕ್ಕೆ ಬಂದರೆ, ಬರಹ ಮತ್ತು ಬರೆದವರನ್ನು ಕೂಡಿಸಿದ ಆರಂಭದ ಸಂಗ್ರಹಗಳಲ್ಲಿ ಅಮೆರಿಕದ ಎನ್ರಾನ್ ಕಂಪನಿಯ ಇಮೇಲುಗಳು ಹೆಸರುವಾಸಿಯಾದವು. ಕಂಪನಿ ಮುಳುಗಿದ ಮೇಲೆ ನಡೆದ ತನಿಖೆಯ ಭಾಗವಾಗಿ 2003ರಲ್ಲಿ ಸುಮಾರು 150 ನೌಕರರ ಅಂಚೆಪೆಟ್ಟಿಗೆಗಳಲ್ಲಿದ್ದ ಲಕ್ಷಗಟ್ಟಲೆ ಪತ್ರಗಳು ಸಾರ್ವಜನಿಕವಾದಾಗ, ಪತ್ರದ ತಲೆಯಲ್ಲಿ ಕಳಿಸಿದವರ ವಿಳಾಸವಿತ್ತೇ ಹೊರತು ಅವರು ಯಾವ ಹುದ್ದೆಯವರೆಂಬುದು ಇರಲಿಲ್ಲ. ಮೇಲಧಿಕಾರಿಗೆ ಬರೆದ ಪತ್ರಕ್ಕೂ ಕೈಕೆಳಗಿನವರಿಗೆ ಬರೆದ ಪತ್ರಕ್ಕೂ ಭಾಷೆ ಹೇಗೆ ಬದಲಾಗುತ್ತದೆ ಎಂದು ಅರಿಯಬಯಸಿದ ಸಂಶೋಧಕರು ನೌಕರರ ಹುದ್ದೆಗಳ ಪಟ್ಟಿಯನ್ನು ಬೇರೆಯಾಗಿ ಸಿದ್ಧಮಾಡಿ ವಿಳಾಸಗಳಿಗೆ ಜೋಡಿಸಿದರು. ಮರುವರ್ಷ, 2004ರ ಆಗಸ್ಟಿನಲ್ಲಿ ಬ್ಲಾಗರ್ ತಾಣದಿಂದ ಕಲೆಹಾಕಿದ 19,320 ಬರಹಗಾರರ 6,81,288 ಬರಹಗಳ ಸಂಚಯದಲ್ಲಿ ಬರೆದವರೇ ತಮ್ಮ ಪುಟದಲ್ಲಿ ಕೊಟ್ಟುಕೊಂಡಿದ್ದ ವಯಸ್ಸು, ಲಿಂಗ, ಉದ್ಯೋಗ, ಕೊನೆಗೆ ರಾಶಿಯ ಹೆಸರು ಸಹ ಕಾಲಂಗಳಾದವು. ಒಂದರಲ್ಲಿ ವಿವರ ಹೊರಗಿನಿಂದ ಬಂತು, ಇನ್ನೊಂದರಲ್ಲಿ ಬರೆದವರ ಬಾಯಿಂದಲೇ ಬಂತು; ಎರಡನ್ನೂ ಒಂದೇ ಬಗೆಯ ಸತ್ಯವೆಂದು ಓದುವ ರೂಢಿ ಆಗಲೇ ಮೊಳೆಯಿತು.

2006ರಲ್ಲಿ ಆರಂಭವಾದ ಟ್ವಿಟರ್ ಈ ಕಸುಬಿಗೆ ಬಹುಕಾಲ ಮುಖ್ಯ ಗಣಿಯಾಗಿತ್ತು. ಹೊರಗಿನ ತಂತ್ರಾಂಶಗಳು ಕಂಪನಿಯ ಯಂತ್ರದಿಂದ ಮಾಹಿತಿ ಕೇಳಿ ಪಡೆಯಲು ಇಟ್ಟ ಬಾಗಿಲಿಗೆ ಎಪಿಐ ಎಂದು ಹೆಸರು. ಟ್ವಿಟರಿನ ಹಳೆಯ ಎಪಿಐಯಿಂದ ಬರುತ್ತಿದ್ದ ಪ್ರತಿಯೊಂದು ಪೋಸ್ಟೂ ತನ್ನ ಹೊಟ್ಟೆಯೊಳಗೆ ಬರೆದವರ ಇಡೀ ವಿವರವನ್ನು ಇಟ್ಟುಕೊಂಡೇ ಬರುತ್ತಿತ್ತು: ಖಾತೆಯ ಐಡಿ, ಹೆಸರು, ತಮ್ಮ ಬಗ್ಗೆ ಅವರೇ ಬರೆದುಕೊಂಡ ಒಂದೆರಡು ಸಾಲು, ಊರು, ಖಾತೆ ತೆರೆದ ದಿನ, ಹಿಂಬಾಲಕರ ಎಣಿಕೆ. ಒಬ್ಬರು ದಿನಕ್ಕೆ ನೂರು ಪೋಸ್ಟು ಹಾಕಿದರೆ ಅವರ ವಿವರ ನೂರು ಸಲ ಬರುತ್ತಿತ್ತು. ಇದರಲ್ಲಿ ಪುನರುಕ್ತಿ ಹೇರಳವಾಗಿದ್ದರೂ ಒಂದು ದೊಡ್ಡ ಗುಣವಿತ್ತು. ಪೋಸ್ಟು ಹುಟ್ಟಿದ ಗಳಿಗೆಯಲ್ಲೇ ಅದನ್ನು ಹಿಡಿದಿಟ್ಟವರಿಗೆ ಆ ಗಳಿಗೆಯಲ್ಲಿ ಬರೆದವರು ಏನಾಗಿದ್ದರೋ ಆ ಚಿತ್ರವೂ ಜೊತೆಗೇ ಸಿಗುತ್ತಿತ್ತು. 2020ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಈ ಏರ್ಪಾಡು ಬದಲಾಗಿ, ಬರಿದೆ ಕೇಳಿದರೆ ಪೋಸ್ಟಿನ ಐಡಿ ಮತ್ತು ಪಠ್ಯ ಮಾತ್ರ ಬರತೊಡಗಿತು. ಬರೆದವರ ವಿವರ ಬೇಕೆಂದವರು ಅದನ್ನು ಪ್ರತ್ಯೇಕವಾಗಿ ಕೇಳಬೇಕಿತ್ತು. ಕೇಳಿದಾಗ ಪೋಸ್ಟುಗಳ ಪಟ್ಟಿಯ ಕೆಳಗೆ ಬಳಕೆದಾರರ ಇನ್ನೊಂದು ಪಟ್ಟಿ, ಒಬ್ಬೊಬ್ಬರಿಗೆ ಒಂದೊಂದೇ ಸಾಲಿನಂತೆ, ಬರುತ್ತಿತ್ತು. ಐಡಿಯ ಆಧಾರದ ಮೇಲೆ ಎರಡು ಪಟ್ಟಿಗಳನ್ನು ಬೆಸೆಯುವುದು ಸಂಶೋಧಕರ ಪಾಲಿನ ಕೆಲಸವಾಯಿತು. ಸಂಗ್ರಹಿಸುವಾಗ ಇದನ್ನು ಮರೆತವರ ಕೈಯಲ್ಲಿ ಉಳಿದದ್ದು ಅಂಕಿತ ಉದುರಿದ ವಚನದಂಥ ಪಠ್ಯ.

ಇನ್ನೊಂದು ತೊಡಕು ಕಾಲದ್ದು. ಪೋಸ್ಟುಗಳ ಪಠ್ಯವನ್ನು ಇತರರಿಗೆ ಹಂಚುವುದಕ್ಕೆ ಕಂಪನಿ ಅಡ್ಡಿಯೊಡ್ಡಿದ್ದರಿಂದ ಸಂಶೋಧಕರು ಪೋಸ್ಟಿನ ಐಡಿಗಳ ಪಟ್ಟಿಯನ್ನಷ್ಟೇ ಪ್ರಕಟಿಸುತ್ತಿದ್ದರು. 2011ರ ಆರಂಭದ ಸುಮಾರು 1.6 ಕೋಟಿ ಪೋಸ್ಟುಗಳ ಒಂದು ಪ್ರಸಿದ್ಧ ಸಂಚಯ ಹೀಗೆಯೇ ಹಂಚಿಕೆಯಾಯಿತು. ಪಟ್ಟಿ ಪಡೆದವರು ಪ್ರತಿ ಐಡಿಯನ್ನೂ ಕಂಪನಿಯ ಯಂತ್ರಕ್ಕೆ ಮತ್ತೆ ಕೊಟ್ಟು ಪಠ್ಯವನ್ನೂ ಬರೆದವರ ವಿವರವನ್ನೂ ತರಿಸಿಕೊಳ್ಳಬೇಕಿತ್ತು. ಒಣಗಿದ ಸಂಖ್ಯೆಗೆ ನೀರೂಡಿಸುವುದೆಂಬ ಅರ್ಥದಲ್ಲಿ ಈ ಕ್ರಮಕ್ಕೆ ಹೈಡ್ರೇಶನ್ ಎಂಬ ಹೆಸರು ಬಂತು. ನೀರೂಡಿಸಿದಾಗ ಪೋಸ್ಟಿನ ಮಾತು ಹಳೆಯದೇ ಬರುತ್ತದೆ, ಬರೆದವರ ವಿವರ ಮಾತ್ರ ಇಂದಿನದು. ಐದು ವರ್ಷದ ಹಿಂದೆ ಇನ್ನೂರು ಹಿಂಬಾಲಕರಿದ್ದ ವಿದ್ಯಾರ್ಥಿನಿ ಈಗ ಎರಡು ಲಕ್ಷ ಹಿಂಬಾಲಕರ ಪತ್ರಕರ್ತೆಯಾಗಿದ್ದರೆ, ವಿದ್ಯಾರ್ಥಿನಿಯ ಮಾತಿನ ಪಕ್ಕದಲ್ಲಿ ಪತ್ರಕರ್ತೆಯ ವಿವರ ಬಂದು ಕೂರುತ್ತದೆ. ಶೂನ್ಯಸಂಪಾದನೆಯ ಸಂದರ್ಭಗಳ ಬಗ್ಗೆ ಹೇಳಿದ ಎಚ್ಚರವೇ ಇಲ್ಲಿಯೂ ಬೇಕು. ಅಳಿಸಿದ ಪೋಸ್ಟುಗಳೂ ಮುಚ್ಚಿದ ಖಾತೆಗಳೂ ನೀರೂಡಿಸಿದರೂ ಚಿಗುರುವುದಿಲ್ಲವಾದ್ದರಿಂದ, ಜಗಳ, ದ್ವೇಷ, ಸುಳ್ಳುಸುದ್ದಿಗಳ ಅಭ್ಯಾಸಕ್ಕೆ ಯಾವುದು ಮುಖ್ಯವೋ ಅದೇ ಮೊದಲು ಕಣ್ಮರೆಯಾಗುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಟ್ವಿಟರಿನ ಎಲ್ಲ ಸಾರ್ವಜನಿಕ ಪೋಸ್ಟುಗಳನ್ನು ಕಾಪಿಡಲು ಮುಂದಾಗಿ, 2017ರ ಕೊನೆಗೆ ಅದನ್ನು ನಿಲ್ಲಿಸಿ ಆಯ್ದವನ್ನು ಮಾತ್ರ ಕೂಡಿಡುವ ತೀರ್ಮಾನಕ್ಕೆ ಬಂದಿತು.

ಬರೆದವರೇ ಕೊಟ್ಟ ವಿವರವಾದರೂ ನೆಚ್ಚಬಹುದೇ ಎಂಬ ಪ್ರಶ್ನೆಗೆ 2011ರ ಒಂದು ಅಧ್ಯಯನ ಕಣ್ತೆರೆಸುವ ಉತ್ತರ ಕೊಟ್ಟಿತು: ಟ್ವಿಟರಿನಲ್ಲಿ ಊರಿನ ಹೆಸರನ್ನು ಬರೆಯಲು ಇಟ್ಟ ಜಾಗದಲ್ಲಿ ಶೇಕಡ 34ರಷ್ಟು ಜನ ನಿಜವಾದ ಸ್ಥಳದ ಮಾಹಿತಿಯನ್ನು ಕೊಟ್ಟಿರಲಿಲ್ಲ, ಕೆಲವರು ಖಾಲಿ ಬಿಟ್ಟಿದ್ದರು, ಕೆಲವರು ತಮ್ಮ ಮೆಚ್ಚಿನ ಗಾಯಕನ ಹೃದಯವೇ ತಮ್ಮ ಊರೆಂದು ಬರೆದಿದ್ದರು. ಅಲ್ಲಿ ಊರಿನ ಹೆಸರನ್ನು ಹುಡುಕುವ ತಂತ್ರಾಂಶ ಇಂಥ ಮಾತನ್ನೂ ನಕ್ಷೆಯ ಮೇಲಿನ ಯಾವುದೋ ಬಿಂದುವಾಗಿಸಿಬಿಡುತ್ತಿತ್ತು. ಕೊಡದ ವಿವರವನ್ನು ಊಹಿಸುವ ಮಾರ್ಗಗಳೂ ಬಂದವು. ಅಮೆರಿಕದಲ್ಲಿ ಮಕ್ಕಳಿಗೆ ಇಟ್ಟ ಹೆಸರುಗಳ ಸರ್ಕಾರಿ ಪಟ್ಟಿಯಿಂದ ಬಳಕೆದಾರರು ಹೆಣ್ಣೋ ಗಂಡೋ ಎಂದೂ, ಜನಗಣತಿಯ ಅಡ್ಡಹೆಸರುಗಳಿಂದ ಅವರ ಜನಾಂಗವನ್ನೂ ಎಣಿಸಿದರು. ಆ ಪಟ್ಟಿಯನ್ನು ಕನ್ನಡದ ಹೆಸರುಗಳ ಮುಂದಿಟ್ಟರೆ ಅದರ ಮಿತಿ ತಾನಾಗಿ ಕಾಣುತ್ತದೆ. ಶಶಿ, ಕಿರಣ, ಜ್ಯೋತಿ ಎಂಬ ಹೆಸರುಗಳು ಹೆಣ್ಣಿಗೂ ಉಂಟು, ಗಂಡಿಗೂ ಉಂಟು. ಹಳೆಯ ಮೈಸೂರಿನ ಕಡೆಯವರ ಹೆಸರಿನಲ್ಲಿ ಊರು ಮತ್ತು ತಂದೆಯ ಹೆಸರು ಎರಡು ಅಕ್ಷರಗಳಾಗಿ ಮುಂದೆ ನಿಂತರೆ, ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಕೊನೆಗೆ ಬರುತ್ತದೆ, ಅದು ಕಸುಬಿನ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಅದೇ ವ್ಯಕ್ತಿ ಒಂದು ತಾಣದಲ್ಲಿ ಕನ್ನಡ ಲಿಪಿಯಲ್ಲೂ ಇನ್ನೊಂದರಲ್ಲಿ ರೋಮನ್ ಲಿಪಿಯಲ್ಲೂ ಹೆಸರು ಬರೆದರೆ ಇಬ್ಬರಾಗಿ ಲೆಕ್ಕಕ್ಕೆ ಬರುತ್ತಾರೆ. ಇಬ್ಬರು ನಾಗವರ್ಮರನ್ನು ಬೇರ್ಪಡಿಸಲು ವಿದ್ವಾಂಸರು ಪಟ್ಟ ಶ್ರಮ ಇಲ್ಲಿ ಒಂದು ಕ್ಷಣದ ಗಣನೆಯಾಗಿ ಮುಗಿಯುತ್ತದೆ, ಮತ್ತು ಆ ಗಣನೆಯ ಫಲ ಕೋಷ್ಟಕದಲ್ಲಿ ಬಂದು ನಿಂತಾಗ ಅದರ ಮುಂದೆ "ಸು." ಇರುವುದಿಲ್ಲ.

ಹಂಚಿದವರನ್ನು ಬರೆದವರೆಂದು ತಿಳಿಯುವ ತಪ್ಪೂ ಸಾಮಾನ್ಯವಾಗಿತ್ತು. ರೀಟ್ವೀಟ್ ಎಂದರೆ ಒಬ್ಬರ ಪೋಸ್ಟನ್ನು ಇನ್ನೊಬ್ಬರು ತಮ್ಮ ಹಿಂಬಾಲಕರಿಗೆ ಮುಟ್ಟಿಸುವುದು. ಅದರ ಹೊರಪದರದಲ್ಲಿ ಹಂಚಿದವರ ವಿವರ, ಒಳಪದರದಲ್ಲಿ ಮೂಲದವರ ವಿವರ ಇರುತ್ತಿತ್ತು. ಹೊರಪದರವನ್ನೇ ಓದಿ ಕೋಷ್ಟಕ ಕಟ್ಟಿದರೆ ಒಂದೇ ಮಾತಿಗೆ ಸಾವಿರ ಕರ್ತೃಗಳು ಹುಟ್ಟಿಕೊಳ್ಳುತ್ತಾರೆ, ಕಂಡರಿಸಿದವನು ಕವಿಯಾಗುತ್ತಾನೆ. ಇನ್ನು ಕಾಲಂ ಹಾಗೆಯೇ ಉಳಿದು ಅದರ ಅರ್ಥವೇ ಬದಲಾದ ನಿದರ್ಶನ ನೀಲಿ ಗುರುತಿನದು. ಗಣ್ಯರ ಹೆಸರಿನಲ್ಲಿ ಸುಳ್ಳು ಖಾತೆಗಳು ಬರುವುದನ್ನು ತಡೆಯಲು 2009ರಲ್ಲಿ ಟ್ವಿಟರ್ ಜಾರಿಗೆ ತಂದ ಆ ಗುರುತು, ಇವರು ಇವರೇ ಹೌದು ಎಂದು ಕಂಪನಿ ಪರಿಶೀಲಿಸಿದ್ದಕ್ಕೆ ಸಾಕ್ಷಿಯಾಗಿತ್ತು. 2022ರ ನವೆಂಬರಿನಿಂದ ಅದು ತಿಂಗಳ ಶುಲ್ಕ ಕೊಟ್ಟವರಿಗೆ ಸಿಗುವ ಸೌಲಭ್ಯವಾಯಿತು, 2023ರ ಏಪ್ರಿಲಿನಲ್ಲಿ ಹಳೆಯ ಗುರುತುಗಳನ್ನು ತೆಗೆದುಹಾಕಲಾಯಿತು. ಸಂಗ್ರಹಿಸಿದ ದಿನಾಂಕ ನಮೂದಾಗದ ದತ್ತಸಂಚಯದಲ್ಲಿ ಆ ಕಾಲಂನ "ಹೌದು" ಎಂಬುದಕ್ಕೆ ಎರಡರಲ್ಲಿ ಯಾವ ಅರ್ಥವೆಂದು ಹೇಳಲಾಗದು.

ಪಂಪನೂ ನಾಗವರ್ಮರೂ ತೀರಿಕೊಂಡು ಶತಮಾನಗಳಾದವು. ಅವರ ವಿವರ ಹುಡುಕಿದ್ದರಿಂದ ಅವರಿಗೆ ನೋವಾಗುವಂತಿಲ್ಲ. ಪೋಸ್ಟು ಬರೆದವರು ಬದುಕಿದ್ದಾರೆ. 2006ರ ಆಗಸ್ಟಿನಲ್ಲಿ ಅಮೆರಿಕದ ಎಒಎಲ್ ಕಂಪನಿ ಸುಮಾರು 6.5 ಲಕ್ಷ ಬಳಕೆದಾರರ ಎರಡು ಕೋಟಿ ಹುಡುಕಾಟದ ಮಾತುಗಳನ್ನು ಹೆಸರಿನ ಬದಲು ಸಂಖ್ಯೆಯಿಟ್ಟು ಬಿಡುಗಡೆ ಮಾಡಿದಾಗ, ಆ ಮಾತುಗಳನ್ನೇ ಓದಿ ಪತ್ರಕರ್ತರು ಒಬ್ಬ ವೃದ್ಧೆಯ ಮನೆಬಾಗಿಲಿಗೆ ಹೋಗಿ ನಿಂತರು. 2008ರಲ್ಲಿ ಒಂದು ಕಾಲೇಜಿನ ವಿದ್ಯಾರ್ಥಿಗಳ ಫೇಸ್‌ಬುಕ್ ವಿವರಗಳ ಸಂಚಯವನ್ನು ಕಾಲೇಜಿನ ಹೆಸರು ಹೇಳದೆ ಪ್ರಕಟಿಸಿದಾಗ, ಅದರಲ್ಲಿದ್ದ ಅಧ್ಯಯನ ವಿಷಯಗಳ ಪಟ್ಟಿ ಮುಂತಾದವುಗಳಿಂದ ಅದು ಹಾರ್ವರ್ಡ್ ಎಂಬುದು ಬೇಗನೆ ಹೊರಬಿತ್ತು. 2012ರಲ್ಲಿ ಒಂದು ಲಕ್ಷ ಬರಹಗಾರರ ನಡುವೆ, ಬರವಣಿಗೆಯ ಶೈಲಿಯೊಂದರಿಂದಲೇ ಹೆಸರಿಲ್ಲದ ಬರಹದ ಕರ್ತೃವನ್ನು ಐದರಲ್ಲಿ ಒಂದು ಸಲ ಸರಿಯಾಗಿ ಗುರುತಿಸಬಹುದೆಂದು ಸಂಶೋಧಕರು ತೋರಿಸಿದರು. ಮರುವರ್ಷ 58,466 ಸ್ವಯಂಸೇವಕರ ಅಧ್ಯಯನವೊಂದು, ಫೇಸ್‌ಬುಕ್‌ನಲ್ಲಿ ಒತ್ತಿದ ಲೈಕುಗಳಿಂದ ಅವರ ರಾಜಕೀಯ ಒಲವು, ಧರ್ಮ, ಖಾಸಗಿ ಬದುಕಿನ ಸಂಗತಿಗಳನ್ನು ಊಹಿಸಬಹುದೆಂದು ಸಾಧಿಸಿತು. 2018ರಲ್ಲಿ ರಾಜಕೀಯ ಪ್ರಚಾರದ ಸಲಹಾ ಸಂಸ್ಥೆಯಾದ ಕೇಂಬ್ರಿಜ್ ಅನಾಲಿಟಿಕಾದ ಪ್ರಕರಣ ಬಯಲಾಗಿ, 8.7 ಕೋಟಿ ಜನರ ತನಕ ವಿವರ ಕೈದಾಟಿರಬಹುದೆಂದು ಫೇಸ್‌ಬುಕ್ ಒಪ್ಪಿಕೊಂಡಿತು. ಬರಹಕ್ಕೆ ವಿವರ ಕೂಡಿಸುವ ವಿದ್ಯೆ ವ್ಯಕ್ತಿಯನ್ನು ಬಯಲಿಗೆಳೆಯುವ ವಿದ್ಯೆಯೂ ಆಗಬಲ್ಲದೆಂಬುದು ಅದರ ನಂತರ ಯಾರಿಗೂ ಒತ್ತಿ ಹೇಳಬೇಕಾಗಿರಲಿಲ್ಲ.

ಭಾರತದಲ್ಲಿ ಈ ಚರ್ಚೆಗೆ ಕರ್ನಾಟಕದ ನಂಟಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯ ಫಲವಾಗಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ವ್ಯಕ್ತಿ ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸಾಮಾಜಿಕ ಜಾಲತಾಣದಲ್ಲಿ ತನ್ನ ಅಭಿಪ್ರಾಯಗಳನ್ನು ಬರೆಯುತ್ತ ತನ್ನ ವಿವರವನ್ನು ಬಹಿರಂಗಪಡಿಸಿದ ಒಬ್ಬ ಹೆಣ್ಣುಮಗಳನ್ನೇ ಕಾಯಿದೆ ಉದಾಹರಣೆಯಾಗಿ ಕೊಡುತ್ತದೆ. ಸಂಶೋಧನೆಗೂ ದಾಖಲೆ ಕಾಪಿಡುವುದಕ್ಕೂ ಷರತ್ತಿನ ಮೇಲೆ ವಿನಾಯಿತಿಯಿದೆ. ತಾನೇ ಹೇಳಿಕೊಂಡ ಊರು ಮತ್ತು ಹೆಸರಿಗೆ ಇದು ಸರಿಹೋಗಬಹುದು. ಆದರೆ ಆಕೆ ಎಲ್ಲಿಯೂ ಹೇಳದಿದ್ದ ಜಾತಿಯನ್ನೋ ಕಾಯಿಲೆಯನ್ನೋ ಒಂದು ತಂತ್ರಾಂಶ ಊಹಿಸಿ ಆಕೆಯ ಪೋಸ್ಟಿನ ಪಕ್ಕದ ಕಾಲಂನಲ್ಲಿ ಬರೆದಾಗ, ಅದನ್ನು ಆಕೆ ಸಾರ್ವಜನಿಕಗೊಳಿಸಿದಳು ಎನ್ನಲು ಯಾವ ನ್ಯಾಯವೂ ಇಲ್ಲ.

ಅಷ್ಟರಲ್ಲಿ ಬಾಗಿಲುಗಳೂ ಮುಚ್ಚತೊಡಗಿದವು. 2021ರ ಜನವರಿಯಲ್ಲಿ ವಿದ್ವಾಂಸರಿಗೆಂದೇ ತೆರೆದು, ತಿಂಗಳಿಗೆ ಒಂದು ಕೋಟಿ ಪೋಸ್ಟುಗಳ ತನಕ ಕೊಡುತ್ತಿದ್ದ ಟ್ವಿಟರಿನ ಸೌಲಭ್ಯ 2023ರಲ್ಲಿ ನಿಂತಿತು. ಚರ್ಚಾತಾಣವಾದ ರೆಡಿಟ್ ಅದೇ ವರ್ಷ ತನ್ನ ಎಪಿಐಗೆ ಬೆಲೆ ಕಟ್ಟಿತು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಪೋಸ್ಟುಗಳನ್ನು ಅಭ್ಯಾಸ ಮಾಡಲು ನೆರವಾಗುತ್ತಿದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್ 14ರಂದು ಮುಚ್ಚಿತು.

ಕನ್ನಡದ ಬರಹಗಳ ಸಂಚಯಗಳು ರೂಪುಗೊಂಡದ್ದು ಈ ಎಚ್ಚರದ ಕಾಲದಲ್ಲೇ. ದ್ರಾವಿಡ ಭಾಷೆಗಳ ಮಿಶ್ರಬರಹಗಳ ಒಂದು ಸಂಚಯದಲ್ಲಿ ಯೂಟ್ಯೂಬ್‌ನಿಂದ ಆರಿಸಿದ 60,000ಕ್ಕೂ ಹೆಚ್ಚು ಕಾಮೆಂಟುಗಳಿದ್ದು, ಅವುಗಳಲ್ಲಿ ಸುಮಾರು 7,000 ಕನ್ನಡ ಮತ್ತು ಇಂಗ್ಲಿಷ್ ಬೆರೆತವು. ಬಿಡುಗಡೆಯಾದ ಕಡತದಲ್ಲಿರುವುದು ಕಾಮೆಂಟಿನ ಪಠ್ಯ ಮತ್ತು ಅದು ಮೆಚ್ಚುಗೆಯೋ ತೆಗಳಿಕೆಯೋ ಎಂಬ ಗುರುತು, ಇಷ್ಟೇ. ಬರೆದವರ ಹೆಸರಿಲ್ಲ, ಊರಿಲ್ಲ. ಬದುಕಿರುವವರನ್ನು ಕಾಯುವ ದೃಷ್ಟಿಯಿಂದ ಇದು ಒಪ್ಪತಕ್ಕ ಕ್ರಮ. ಆದರೆ ರೋಮನ್ ಅಕ್ಷರದಲ್ಲಿ ಬರೆದ "ಬರ್ತೀನ್ರಿ" ಎಂಬ ಮಾತು ಧಾರವಾಡದ ಕಡೆಯದೋ, ಬೆಂಗಳೂರಿನಲ್ಲಿ ದೊಡ್ಡವರಿಗೆ ಆಡಿದ್ದೋ, ಊರು ಬಿಟ್ಟು ದುಬೈಯಲ್ಲಿ ದುಡಿಯುತ್ತಿರುವವರದೋ ಎಂದು ಕೇಳುವ ಭಾಷಾವಿದ್ವಾಂಸರಿಗೆ ಆ ಕಡತದಲ್ಲಿ ಉತ್ತರವಿಲ್ಲ. ಅಂಥ ಉತ್ತರ ಬೇಕಾದವರು, ಹಳಕಟ್ಟಿಯವರು ಓಲೆಗಳನ್ನು ಕೇಳಿಕೊಂಡು ಮನೆಮನೆಗೆ ಹೋದಂತೆ, ಬರೆದವರ ಬಳಿಗೇ ಹೋಗಿ ಅವರ ಒಪ್ಪಿಗೆ ಪಡೆದು, ಕೇಳಿದ ದಿನಾಂಕದೊಂದಿಗೆ ಅದನ್ನು ಬರೆದುಕೊಳ್ಳಬೇಕಾಗಿದೆ.